ದೊಡ್ಡ ಸಾಹೇಬರ ಹೆಸರು ತೆಗೆದ ಮೇಲೆ ಕೆಲಸ ಸಿಕ್ಕಿತು

ಆಫರ್ ಲೆಟರ್ ಬಂದ ದಿನವೇ ಅದರ ಫೋಟೋ ತೆಗೆದು ಹಳೇ ಸಹೋದ್ಯೋಗಿಗೆ ಕಳಿಸಿದೆ. "ರೆಫರೆನ್ಸ್‌ಗೆ ಜೂನಿಯರ್ ಹೆಸರು ಕೊಡ್ತೀಯಾ? ತಲೆ ಸರಿ ಇದೆಯಾ?" ಅಂತ ಆರು ತಿಂಗಳ ಹಿಂದೆ ನಕ್ಕಿದ್ದು ಅವನೇ. ಈಗ ಬರೀ ಒಂದು ಹೆಬ್ಬೆರಳು ಕಳಿಸಿ ಸುಮ್ಮನಾದ. ಅಷ್ಟು ಸಾಕಿತ್ತು ನನಗೆ.

ನಾನು ಗೋದಾಮಿನ ಸ್ಟಾಕ್ ಲೆಕ್ಕ ನೋಡಿಕೊಳ್ಳುವವನು. ಒಂದೂವರೆ ವರ್ಷದಲ್ಲಿ ಸುಮಾರು 40 ಕಡೆ ಅರ್ಜಿ ಹಾಕಿದ್ದೆ. ರೆಫರೆನ್ಸ್ ಕೇಳುವ ತನಕ, ಅಂದ್ರೆ ನನ್ನ ಕೆಲಸ ಹೇಗಿತ್ತು ಅಂತ ಫೋನ್ ಮಾಡಿ ವಿಚಾರಿಸೋಕೆ ಹಳೇ ಆಫೀಸಿನವರ ಹೆಸರು ಕೇಳುವ ತನಕ, ಬಂದಿದ್ದು ಐದೋ ಆರೋ. ಮೊದಲ ನಾಲ್ಕೂ ಅಲ್ಲೇ ಮುಗ್ಗರಿಸಿದವು. ಇಂಟರ್‌ವ್ಯೂ ಆಗಿ, ಸಂಬಳದ ಮಾತೂ ಮುಗಿದ ಮೇಲೆ ಯಾರದೋ ಒಂದು ಫೋನ್ ಕರೆಯಲ್ಲಿ ಕೆಲಸ ಕೈತಪ್ಪಿದರೆ ಹೊಟ್ಟೆ ಹೇಗೆ ಉರಿಯುತ್ತೆ ಅಂತ ಅನುಭವಿಸಿದವರಿಗೇ ಗೊತ್ತು.

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆ. ವಿಭಾಗದ ಮುಖ್ಯಸ್ಥರ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ. ಅವರ ಕೈಕೆಳಗೆ 200 ಜನ. ನನ್ನ ಜೊತೆ ಅವರು ಮಾತಾಡಿದ್ದು ಎರಡು ಮೀಟಿಂಗ್‌ನಲ್ಲಿ. ವಾರ ಬಿಟ್ಟು ಎಚ್‌ಆರ್ ಮೇಡಂ ಇದ್ದಿದ್ದನ್ನು ಹೇಳಿಬಿಟ್ಟರು: "ಸಾರ್, ನಾವು ನಿಮ್ಮ ಬಗ್ಗೆ ಕೇಳಿದ್ರೆ ಅವರು ನಮ್ಮನ್ನೇ ಕೇಳಿದ್ರು, ಇವರು ಯಾವ ಟೀಮ್‌ನಲ್ಲಿದ್ರು ಅಂತ." ನಾಚಿಕೆಗೆ ಫೋನ್ ಇಟ್ಟುಬಿಟ್ಟೆ.

ಆಮೇಲೆ ಇನ್ನೊಂದು ತುದಿಗೆ ಹೋದೆ. ಪಕ್ಕದ ಸೀಟಿನ ಗೆಳೆಯನ ಹೆಸರು ಕೊಟ್ಟೆ. "ಇವರಲ್ಲಿ ಒಂದು ಕೊರತೆ ಹೇಳಿ" ಅಂತ ಮೂರು ಸಲ ಕೇಳಿದರಂತೆ. ಮೂರು ಸಲವೂ "ಇಲ್ಲವೇ ಇಲ್ಲ" ಅಂದನಂತೆ. ಅದನ್ನು ನನಗೆ ಹೆಮ್ಮೆಯಿಂದ ಹೇಳಿದ. ಆ ಕಂಪನಿಯಿಂದ ಮತ್ತೆ ಫೋನ್ ಬರಲಿಲ್ಲ.

ದುಡ್ಡಿನ ಪೆಟ್ಟು ಬಿದ್ದಿದ್ದು ಮೂರನೆಯದರಲ್ಲಿ. ಹಳೇ ಮ್ಯಾನೇಜರ್ ನನ್ನ ಮೇಲಿನ ಪ್ರೀತಿಗೆ, "ಪಾಪ, ಇಲ್ಲಿ ಅವನಿಗೆ ಬರ್ತಿದ್ದಿದ್ದೇ ಇಷ್ಟು" ಅಂತ ಸಂಬಳದ ಅಂಕಿಯನ್ನೇ ಹೇಳಿಬಿಟ್ಟರು. ಮರುದಿನ ಬಂದ ಆಫರ್ ಮಾತಾಡಿದ್ದಕ್ಕಿಂತ ನೂರಕ್ಕೆ 12ರಷ್ಟು ಕಡಿಮೆ. ಅದನ್ನು ಬಿಟ್ಟೆ. ನಾಲ್ಕನೆಯದು ಇನ್ನೂ ಕೆಟ್ಟದು. ಮಾತಾಡಬೇಕಾದವರು ಫೋನೇ ತೆಗೆಯಲಿಲ್ಲ. ಕಂಪನಿ ಪರವಾಗಿ ವಿಚಾರಿಸುವ ವೆರಿಫಿಕೇಷನ್ ಏಜೆನ್ಸಿಯ ನಂಬರ್ ಅವರ ಮೊಬೈಲ್‌ನಲ್ಲಿ ಕೆಂಪಗೆ ಸ್ಪ್ಯಾಮ್ ಅಂತ ಬರ್ತಿತ್ತಂತೆ. ನಾನು ಧೈರ್ಯ ಮಾಡಿ ರಾಜೀನಾಮೆ ಕೊಟ್ಟಾಗಿತ್ತು. ಮೂರು ವಾರ ಕಾದು ಆ ಕಂಪನಿಯವರು ಬೇರೆಯವರನ್ನು ತಗೊಂಡರು. ಹತ್ತಿರ ಹತ್ತಿರ ಎರಡು ತಿಂಗಳ ಸಂಬಳ ಹೋಯ್ತು.

ಆ ಎರಡು ತಿಂಗಳು ಮನೆಯಲ್ಲಿ ಕೂತಾಗಲೇ ಪಟ್ಟಿಯನ್ನು ಪೂರ್ತಿ ಹರಿದು ಹೊಸದಾಗಿ ಬರೆದೆ.

ಮೊದಲ ಹೆಸರು, ನನಗೆ ಒಂದು ವರ್ಷ ಸಾಧಾರಣ ರೇಟಿಂಗ್ ಕೊಟ್ಟು ಜಗಳ ಆಡಿದ್ದ ಮ್ಯಾನೇಜರ್. ಹೌದು, ಅವರೇ. ಯಾಕಂದ್ರೆ ನನ್ನ ಕೆಲಸವನ್ನು ಸಾಲು ಸಾಲಾಗಿ ನೋಡಿದವರು ಅವರೊಬ್ಬರೇ. ಒಂದು ತಿಂಗಳ ಕೊನೆಯಲ್ಲಿ 300 ಚಿಲ್ಲರೆ ಪೆಟ್ಟಿಗೆಗಳ ಲೆಕ್ಕ ತಾಳೆ ಆಗದೆ ಇದ್ದಾಗ ರಾತ್ರಿ ಎರಡು ಗಂಟೆವರೆಗೆ ನನ್ನ ಜೊತೆ ರ‍್ಯಾಕ್ ಎಣಿಸಿದವರು. ಅವರು ಆ ಕಂಪನಿ ಬಿಟ್ಟಿದ್ದೂ ಅನುಕೂಲವೇ ಆಯ್ತು. ಒಳಗೇ ಇರುವವರಿಗೆ ಎಷ್ಟೋ ಕಡೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟು ಬಿಟ್ಟು ಬೇರೇನೂ ಹೇಳಬಾರದು ಅಂತ ಕಟ್ಟುಪಾಡು ಇರುತ್ತೆ. ಹೊರಗೆ ಬಂದವರ ನಾಲಿಗೆ ಸಡಿಲ.

ಎರಡನೆಯವರು ಸೇಲ್ಸ್ ಟೀಮ್‌ನ ಮೇಡಂ. ನನ್ನ ಲೆಕ್ಕ ತಪ್ಪಿದರೆ ಬೈಸಿಕೊಳ್ಳುತ್ತಿದ್ದದ್ದು ಅವರು. ಮೂರನೆಯವನು ನನ್ನ ಕೈಕೆಳಗೆ ಎರಡು ವರ್ಷ ಇದ್ದ ಹುಡುಗ. ನಾನು ಅರ್ಜಿ ಹಾಕಿದ್ದು ಎಂಟು ಜನರ ಟೀಮ್ ನೋಡಿಕೊಳ್ಳುವ ಹುದ್ದೆಗೆ. ನನ್ನ ಕೈಕೆಳಗಿನ ಬದುಕು ಹೇಗಿರುತ್ತೆ ಅಂತ ಹೇಳೋಕೆ ಅವನಿಗಿಂತ ಬೇರೆ ಯಾರಿದ್ದಾರೆ?

ಕೇಳುವ ರೀತಿಯನ್ನೂ ಬದಲಿಸಿದೆ. "ನಿಮ್ಮ ಹೆಸರು ಕೊಡ್ಲಾ ಸಾರ್?" ಅಂದ್ರೆ ಯಾರೂ ಬೇಡ ಅನ್ನಲ್ಲ. ಅದೇ ಬಲೆ. "ನಾನು ಮಾಡಿದ ಯಾವ ಕೆಲಸದ ಬಗ್ಗೆ ನೀವು ಹೇಳ್ತೀರಿ?" ಅಂತ ಕೇಳಿದೆ. ಒಬ್ಬರು "ಎಲ್ಲಾ ಚೆನ್ನಾಗೇ ಇತ್ತಲ್ವಾ" ಅಂದರು. ಅವರಿಗೆ ನಮಸ್ಕಾರ ಹೇಳಿ ಬಿಟ್ಟೆ.

ಒಪ್ಪಿದವರಿಗೆ ಅರ್ಧ ಪುಟದ ಒಂದು ಚೀಟಿ ಕಳಿಸಿದೆ. ಯಾವ ಹುದ್ದೆ, ನಾವು ಜೊತೆಗಿದ್ದ ತಿಂಗಳು-ವರ್ಷ, ನನ್ನ ಆಗಿನ ಹುದ್ದೆಯ ಹೆಸರು, ಯಾವ ನಂಬರಿನಿಂದ ಕರೆ ಬರಬಹುದು, ಸಂಬಳದ ಮಾತು ಬಂದರೆ "ಅದನ್ನು ಅವರನ್ನೇ ಕೇಳಿ" ಅನ್ನಿ, ಇಷ್ಟೇ. ಚೀಟಿಯ ಕೊನೇ ಸಾಲಿನಲ್ಲಿ ಇನ್ನೊಂದು ಮಾತು ಬರೆಯುತ್ತೇನೆ. ಅದು ನನ್ನ ಹತ್ತಿರವೇ ಇರಲಿ, ಬೇಜಾರು ಮಾಡ್ಕೋಬೇಡಿ.

ಮಧ್ಯೆ ಒಂದು ಕಿತಾಪತಿಯನ್ನೂ ಮಾಡಿದೆ. ಗೆಳತಿಯೊಬ್ಬಳು ಎಚ್‌ಆರ್ ಕೆಲಸದಲ್ಲೇ ಇದ್ದಾಳೆ. ಮ್ಯಾನೇಜರ್‌ಗೆ ಮೊದಲೇ ಹೇಳಿ, ಅವಳಿಂದ ಒಂದು ಅಣಕು ಕರೆ ಮಾಡಿಸಿದೆ. ನಾನೂ ಸ್ಪೀಕರ್‌ನಲ್ಲಿ ಕೇಳಿಸಿಕೊಳ್ಳುತ್ತಿದ್ದೆ. "ಅವಕಾಶ ಸಿಕ್ಕರೆ ಇವರನ್ನು ಮತ್ತೆ ಕೆಲಸಕ್ಕೆ ತಗೋತೀರಾ?" ಅಂತ ಕೇಳಿದಳು. ಆ ಕಡೆಯಿಂದ "ಹೂಂ..." ಅಂತ ಒಂದು ಎಳೆತ. ಮೂರು ಸೆಕೆಂಡ್ ಇರಬಹುದು. ಆಮೇಲೆ "ತಗೋಬಹುದು." ಆ ಮೂರು ಸೆಕೆಂಡಿನಲ್ಲಿ ನಾನು ಬೆವತುಹೋದೆ. ಯಾಕೆ ಸಾರ್ ಅಂದ್ರೆ, "ನೀನು ಮತ್ತೆ ಬರ್ತೀಯಾ ಅಂತ ಯೋಚಿಸ್ತಿದ್ದೆ ಕಣಯ್ಯಾ" ಅಂದರು! ಉತ್ತರ ಅವರದ್ದೇ ಇರಲಿ, ತಡ ಮಾತ್ರ ಬೇಡ ಅಂತ ಅವರನ್ನು ಕೇಳಿಕೊಂಡೆ.

ಲಿಂಕ್ಡ್‌ಇನ್‌ನಲ್ಲಿ ಶಿಫಾರಸು ಬರೆಸಿಕೊಳ್ಳುವುದನ್ನೂ ನೋಡಿದೆ. ನಾಲ್ಕೈದು ಬಂದವು. ನನ್ನ ವಿಷಯದಲ್ಲಿ ಒಬ್ಬರೂ ಅದರ ಸುದ್ದಿ ಎತ್ತಲಿಲ್ಲ.

ನಿಜವಾದ ಕರೆ ಬಂದಾಗ ಮ್ಯಾನೇಜರ್ ಹೇಳಿದ ಕೊರತೆ, ನಾನು ರಿಪೋರ್ಟ್ ತಡ ಮಾಡ್ತೀನಿ ಅಂತ. ಇಂಟರ್‌ವ್ಯೂನಲ್ಲಿ ನನ್ನ ಕೊರತೆ ಅಂತ ನಾನು ಹೇಳಿದ್ದೂ ಅದನ್ನೇ. ಎರಡೂ ಸರಿಹೊಂದಿತು ಅಂತ ಸೇರಿದ ಮೇಲೆ ಅಲ್ಲಿನವರೇ ಹೇಳಿದರು. ಎಲ್ಲಕ್ಕಿಂತ ಉದ್ದ ಮಾತಾಡಿದವನು ಹುಡುಗನಂತೆ, 20 ನಿಮಿಷ. ಏನು ಹೇಳಿದೆ ಅಂತ ಅವನನ್ನು ಎರಡು ಸಲ ಕೇಳಿದೆ. ನಗ್ತಾನೆ, ಹೇಳಲ್ಲ.