ವಯಸ್ಸಿನ ಲೆಕ್ಕದಿಂದ ಆರಂಭವಾದ ನನ್ನ ಯೂನಿಟ್ ಟೆಸ್ಟಿಂಗ್

ನಾನು ನಿರ್ವಹಿಸುತ್ತಿದ್ದ ಸದಸ್ಯತ್ವ ನೋಂದಣಿಯ ಪೈಥಾನ್ ಪ್ರೋಗ್ರಾಮಿನಲ್ಲಿ ಪರದೆಗಳು, ಡೇಟಾಬೇಸ್, ಲೆಕ್ಕಾಚಾರ ಎಲ್ಲವೂ ಇದ್ದವು. ಪ್ರೋಗ್ರಾಮಿನ ಒಂದೊಂದು ಸಣ್ಣ ಭಾಗವನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ಕೋಡ್, ಅಂದರೆ ಯೂನಿಟ್ ಟೆಸ್ಟ್, ಬರೆಯಲು ನಿರ್ಧರಿಸಿದಾಗ ಅವುಗಳಲ್ಲಿ ನಾನು ಮೊದಲು ಆರಿಸಿಕೊಂಡದ್ದು, ಹುಟ್ಟಿದ ದಿನಾಂಕದಿಂದ ವಯಸ್ಸನ್ನು ಲೆಕ್ಕಹಾಕುವ ಒಂದು ಪುಟ್ಟ ಫಂಕ್ಷನ್. ಅದು ಡೇಟಾಬೇಸನ್ನು ಮುಟ್ಟುತ್ತಿರಲಿಲ್ಲ, ಪರದೆಯ ಮೇಲೆ ಏನನ್ನೂ ಬರೆಯುತ್ತಿರಲಿಲ್ಲ, ಮತ್ತು ಅದರ ಉತ್ತರ ಸರಿಯೋ ತಪ್ಪೋ ಎಂಬುದನ್ನು ಕ್ಯಾಲೆಂಡರ್ ನೋಡಿ ಯಾರು ಬೇಕಾದರೂ ಹೇಳಬಹುದಿತ್ತು. ಆರಂಭಿಸುವವರು ಲಾಗಿನ್ ಪುಟದಿಂದಲೇ ತೊಡಗುವುದುಂಟು. ಹಾಗೆ ಮಾಡಿದರೆ ಮೊದಲ ಟೆಸ್ಟ್ ಓಡುವ ಹೊತ್ತಿಗೆ ಉತ್ಸಾಹವೇ ಬತ್ತಿಹೋಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಂಥ ಟೆಸ್ಟ್ ಬರೆಯಲು ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಎಂಬ ಮಾಡ್ಯೂಲ್ 2.1ನೆಯ ಆವೃತ್ತಿಯಿಂದಲೂ ಇದೆ. ಆದರೂ ನಾನು ಬೇರೆಯಾಗಿ ಸ್ಥಾಪಿಸಬೇಕಾದ ಪೈಟೆಸ್ಟ್ ಎಂಬ ಸಾಧನವನ್ನು ಆರಿಸಿಕೊಂಡೆ, ಏಕೆಂದರೆ ಅದರಲ್ಲಿ ಕ್ಲಾಸ್ ಬರೆಯುವ ಅಗತ್ಯವಿಲ್ಲ. ‘ಇದು ನಿಜವಾಗಿರಬೇಕು’ ಎಂದು ಸಾರುವ ಸಾಮಾನ್ಯ ಅಸರ್ಟ್ ಹೇಳಿಕೆಯೊಂದೇ ಸಾಕು, ಆ ಹೇಳಿಕೆ ಸೋತಾಗ ಎರಡೂ ಬದಿಯ ಮೌಲ್ಯಗಳನ್ನು ಪೈಟೆಸ್ಟ್ ಬಿಡಿಸಿ ತೋರಿಸುತ್ತದೆ. ಪ್ರಾಜೆಕ್ಟಿನ ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಪ್ರಾಜೆಕ್ಟಿಗಷ್ಟೇ ಮೀಸಲಾದ ಪೈಥಾನ್ ವ್ಯವಸ್ಥೆ) ಒಳಗೆ, ಪ್ಯಾಕೇಜ್ ಸ್ಥಾಪಿಸುವ ಪಿಪ್ ಮೂಲಕ ಅದನ್ನು ಸ್ಥಾಪಿಸಿ, ನನ್ನ ಕೋಡ್ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ ಅದೇ ಎನ್ವಿರಾನ್‌ಮೆಂಟಿನ ಇಂಟರ್‌ಪ್ರಿಟರ್ (ಕೋಡನ್ನು ಓಡಿಸುವ ಪೈಥಾನ್) ಆಯ್ಕೆಯಾಗಿದೆಯೇ ಎಂದು ನೋಡಿಕೊಂಡ ಮೇಲೆ, ಬದಿಯ ಪಟ್ಟಿಯಲ್ಲಿ ಪ್ರಯೋಗಾಲಯದ ಗಾಜಿನ ಪಾತ್ರೆಯಂತಿರುವ ಟೆಸ್ಟಿಂಗ್ ಚಿಹ್ನೆಯನ್ನು ಒತ್ತಿ ಟೆಸ್ಟ್ ಫೋಲ್ಡರನ್ನು ತೋರಿಸಿಕೊಟ್ಟೆ. ಇಂಟರ್‌ಪ್ರಿಟರ್ ಬೇರೆಯಾಗಿದ್ದರೆ ಪೈಟೆಸ್ಟ್ ಇದ್ದೂ ಎಡಿಟರಿಗೆ ಸಿಗುವುದಿಲ್ಲ. ಹೆಸರಿಡುವ ಕ್ರಮಕ್ಕೂ ಗಮನ ಕೊಡಬೇಕು: ಕಡತದ ಹೆಸರು ‘ಟೆಸ್ಟ್’ ಎಂಬ ಪದ ಮತ್ತು ಅಂಡರ್‌ಸ್ಕೋರ್‌ನಿಂದ ಆರಂಭವಾಗಬೇಕು ಇಲ್ಲವೇ ಅಂಡರ್‌ಸ್ಕೋರ್ ಮತ್ತು ಆ ಪದದಿಂದ ಮುಗಿಯಬೇಕು, ಫಂಕ್ಷನ್ನಿನ ಹೆಸರು ‘ಟೆಸ್ಟ್’ನಿಂದಲೇ ಆರಂಭವಾಗಬೇಕು. ಹಾಗಿಲ್ಲದ ಫಂಕ್ಷನ್ ಬಗ್ಗೆ ದೋಷವೇನೂ ವರದಿಯಾಗುವುದಿಲ್ಲ, ಅದು ಸುಮ್ಮನೆ ಪಟ್ಟಿಯಲ್ಲಿ ಇರುವುದಿಲ್ಲ. ಟೆಸ್ಟ್‌ಗಳು ಪ್ರತ್ಯೇಕ ಫೋಲ್ಡರಿನಲ್ಲಿದ್ದು ಮೂಲ ಮಾಡ್ಯೂಲ್ ಸಿಗುತ್ತಿಲ್ಲವೆಂಬ ದೋಷ ಬಂದರೆ, ಟರ್ಮಿನಲ್ಲಿನಲ್ಲಿ ಪೈಟೆಸ್ಟನ್ನು ನೇರವಾಗಿ ಕರೆಯುವ ಬದಲು ಪೈಥಾನಿನ ‘ಎಂ’ (-m) ಆಯ್ಕೆಯ ಮೂಲಕ ಓಡಿಸಿದರೆ ಈಗಿರುವ ಫೋಲ್ಡರ್ ಕೂಡ ಪೈಥಾನ್ ಮಾಡ್ಯೂಲ್ ಹುಡುಕುವ ಹಾದಿಗೆ ಸೇರಿಕೊಳ್ಳುತ್ತದೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ಫಂಕ್ಷನ್ನೇ ಟೆಸ್ಟಿಗೆ ಒಗ್ಗುವಂತಿರಲಿಲ್ಲ. ಅದು ಇಂದಿನ ದಿನಾಂಕವನ್ನು ತನ್ನೊಳಗೇ ಕಂಪ್ಯೂಟರಿನಿಂದ ಕೇಳಿ ಪಡೆಯುತ್ತಿತ್ತು. ಹಾಗಾಗಿ ಇಂದು ಗೆಲ್ಲುವ ಟೆಸ್ಟ್ ಮುಂದಿನ ವರ್ಷ ತಾನಾಗಿಯೇ ಸೋಲುತ್ತಿತ್ತು. ‘ಯಾವ ದಿನದಂದು’ ಎಂಬುದನ್ನು ಎರಡನೆಯ ಪ್ಯಾರಾಮೀಟರ್ (ಫಂಕ್ಷನ್ನಿಗೆ ಕೊಡುವ ಮೌಲ್ಯ) ಆಗಿ ಹೊರಗಿನಿಂದಲೇ ಕೊಡುವಂತೆ ಬದಲಿಸಿದೆ. ಟೆಸ್ಟ್ ಸಲುವಾಗಿ ಮಾಡಿದ ಈ ಸಣ್ಣ ಬದಲಾವಣೆಯಿಂದ, ಹಿಂದಿನ ಯಾವುದೋ ದಿನಾಂಕದಂದು ಸದಸ್ಯರ ವಯಸ್ಸು ಎಷ್ಟಿತ್ತು ಎಂಬ ವರದಿಯನ್ನೂ ಅದೇ ಫಂಕ್ಷನ್ನಿನಿಂದ ಪಡೆಯಲು ಸಾಧ್ಯವಾಯಿತು.

ಫಂಕ್ಷನ್ನಿನ ಹಳೆಯ ಲೆಕ್ಕ ಸರಳವಾಗಿತ್ತು: ಎರಡು ದಿನಾಂಕಗಳ ನಡುವಿನ ದಿನಗಳನ್ನು 365ರಿಂದ ಭಾಗಿಸಿ ಭಾಗಲಬ್ಧವನ್ನು ಕೊಡುವುದು. ನಾನು 2004ರ ಮಾರ್ಚ್ 10ರಂದು ಹುಟ್ಟಿದವರನ್ನು ಉದಾಹರಣೆಯಾಗಿ ಇಟ್ಟುಕೊಂಡು, 2022ರ ಮಾರ್ಚ್ 9ರಂದು 17, ಮಾರ್ಚ್ 10ರಂದು 18 ಎಂದು ನಿರೀಕ್ಷಿಸುವ ಎರಡು ಟೆಸ್ಟ್ ಬರೆದೆ. ಮೊದಲನೆಯದು ಸೋತು, 17ರ ಬದಲು 18 ಬಂದಿದೆ ಎಂದು ತೋರಿಸಿತು. ಆ ಹದಿನೆಂಟು ವರ್ಷಗಳಲ್ಲಿ ನಾಲ್ಕು ಅಧಿಕ ದಿನಗಳು ಬರುವುದರಿಂದ ಹುಟ್ಟುಹಬ್ಬದ ಹೊತ್ತಿಗೆ 6574 ದಿನಗಳಾಗುತ್ತವೆ, ಆದರೆ 365ರ ಹದಿನೆಂಟು ಪಟ್ಟು 6570 ಮಾತ್ರ. ಹೀಗಾಗಿ ವಯಸ್ಸು ನಾಲ್ಕು ದಿನ ಮುಂಚೆಯೇ ಏರಿಬಿಡುತ್ತಿತ್ತು. ಬಹಳ ಮಂದಿ ಸೂಚಿಸುವ ಪರಿಹಾರವೆಂದರೆ 365.25ರಿಂದ ಭಾಗಿಸುವುದು. ಅದನ್ನು ಹಾಕಿದೊಡನೆ ಮೊದಲ ಟೆಸ್ಟ್ ಗೆದ್ದಿತು, ಎರಡನೆಯದು ಸೋತಿತು: 365.25ರ ಹದಿನೆಂಟು ಪಟ್ಟು 6574.5 ಆದ್ದರಿಂದ ಹುಟ್ಟುಹಬ್ಬದ ದಿನವೂ ಅವರಿಗೆ 17 ವರ್ಷವೇ. ಕೊನೆಗೆ ಉಳಿದದ್ದು ದಿನಗಳನ್ನು ಎಣಿಸದ ವಿಧಾನ: ಇಸವಿಗಳನ್ನು ಕಳೆದು, ಆ ವರ್ಷದ ತಿಂಗಳು ಮತ್ತು ತಾರೀಖು ಹುಟ್ಟಿದ ತಿಂಗಳು ಮತ್ತು ತಾರೀಖಿಗಿಂತ ಹಿಂದಿದ್ದರೆ ಇನ್ನೊಂದನ್ನು ಕಳೆಯುವುದು.

ಫೆಬ್ರುವರಿ 29ರಂದು ಹುಟ್ಟಿದವರ ವಿಷಯ ಮಾತ್ರ ಪ್ರೋಗ್ರಾಮರ್ ಒಬ್ಬನೇ ತೀರ್ಮಾನಿಸುವಂಥದ್ದಲ್ಲ. ಹುಟ್ಟಿದ ದಿನಾಂಕದ ಇಸವಿಯನ್ನಷ್ಟೇ 2022ಕ್ಕೆ ಬದಲಿಸಲು ಹೊರಟರೆ ಅಂಥ ದಿನಾಂಕವೇ ಇಲ್ಲದ್ದರಿಂದ ಪೈಥಾನ್ ವ್ಯಾಲ್ಯೂ ಎರರ್ ಎಂಬ ದೋಷ ಎತ್ತುತ್ತದೆ. ಮೇಲಿನ ಹೋಲಿಕೆಯ ವಿಧಾನದಲ್ಲಿ ದೋಷವೇನೂ ಬರುವುದಿಲ್ಲ, ಆದರೆ ಸಾಮಾನ್ಯ ವರ್ಷಗಳಲ್ಲಿ ಅವರ ವಯಸ್ಸು ಮಾರ್ಚ್ 1ರಂದು ಏರುತ್ತದೆ. ಫೆಬ್ರುವರಿ 28 ಆಗಬೇಕೇ, ಮಾರ್ಚ್ 1 ಆಗಬೇಕೇ ಎಂದು ಪ್ರೋಗ್ರಾಮ್ ಬಳಸುವವರನ್ನೇ ಕೇಳಿ, ಅವರು ಹೇಳಿದ ಮಾರ್ಚ್ 1ನ್ನು ಟೆಸ್ಟ್ ಆಗಿ ಬರೆದಿಟ್ಟೆ. ಆ ನಿಯಮ ಈಗ ಯಾರದೋ ಇಮೇಲಿನಲ್ಲಿ ಹುದುಗಿರದೆ ಕೋಡ್ ಜೊತೆಯಲ್ಲೇ ಇದೆ.

ಒಂದೇ ಬಗೆಯ ಪ್ರಕರಣಗಳು ಹೆಚ್ಚಿದಾಗ ಅವುಗಳನ್ನು ಪೈಟೆಸ್ಟಿನ ಪ್ಯಾರಾಮೆಟ್ರೈಜ್ ಸೌಲಭ್ಯದಿಂದ ಕೋಷ್ಟಕದಂತೆ ಜೋಡಿಸಿದೆ. ಹುಟ್ಟಿದ ದಿನಾಂಕವು ಕೊಟ್ಟ ದಿನಾಂಕಕ್ಕಿಂತ ಮುಂದಿದ್ದರೆ ದೋಷ ಎತ್ತಬೇಕೆಂಬುದಕ್ಕೂ ಒಂದು ಟೆಸ್ಟ್ ಸೇರಿತು. ಟೆಸ್ಟ್ ಮೊದಲ ಸಲವೇ ಗೆದ್ದರೆ, ಫಂಕ್ಷನ್ನಿನಲ್ಲಿನ ಒಂದು ಚಿಹ್ನೆಯನ್ನು ಬೇಕೆಂದೇ ಕೆಡಿಸಿ ಅದು ಸೋಲುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ಅದನ್ನು ನಂಬುತ್ತೇನೆ. ಕಾರಣ ತಿಳಿಯದೆ ಸೋತರೆ, ಆ ಒಂದು ಟೆಸ್ಟನ್ನು ಮಾತ್ರ ದೋಷ ಹುಡುಕುವ ಡೀಬಗ್ ಕ್ರಮದಲ್ಲಿ ಓಡಿಸಿ, ನಾವು ಗುರುತು ಹಾಕಿದ ಸಾಲಿನಲ್ಲಿ, ಅಂದರೆ ಬ್ರೇಕ್‌ಪಾಯಿಂಟಿನಲ್ಲಿ ನಿಲ್ಲಿಸಬಹುದು. ಇಡೀ ಪ್ರೋಗ್ರಾಮನ್ನು ತೆರೆದು ಫಾರ್ಮ್ ತುಂಬಿ ಅದೇ ಸಾಲಿಗೆ ಬರುವ ಕಷ್ಟ ಇದರಿಂದ ತಪ್ಪುತ್ತದೆ.

ಟೆಸ್ಟ್ ನಡೆದಾಗ ಕೋಡಿನ ಎಷ್ಟು ಭಾಗ ಓಡಿತು ಎಂದು ಹೇಳುವ ಕವರೇಜ್ ಶೇಕಡಾವಾರಿನ ಬೆನ್ನು ಹತ್ತುವುದನ್ನು ನಾನು ಸದ್ಯಕ್ಕೆ ಬಿಟ್ಟಿದ್ದೇನೆ. ಓಡಿದ ಸಾಲುಗಳನ್ನು ಅದು ಎಣಿಸುತ್ತದೆ, ಉತ್ತರ ಸರಿಯೇ ಎಂದು ನೋಡುವುದಿಲ್ಲ. 365ರಿಂದ ಭಾಗಿಸುವ ಆ ಹಳೆಯ ಒಂದೇ ಸಾಲಿನ ಫಂಕ್ಷನ್, ವರ್ಷದ ಯಾವುದೋ ನಡುವಿನ ದಿನಾಂಕ ಹಿಡಿದು ಬರೆದ ಒಂದೇ ಟೆಸ್ಟಿನಿಂದಲೂ ಶೇಕಡಾ 100 ತೋರಿಸುತ್ತಿತ್ತು.