ಪಿಎಸ್‌2 ಡಿಸ್ಕ್‌ಗಳನ್ನು ಸ್ಟೀಮ್ ಡೆಕ್‌ಗೆ ತಂದುಕೊಂಡ ನನ್ನ ಅನುಭವ

ಹೊಸ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಬಂದಾಗಲೆಲ್ಲ ಇದೊಂದು ಜಗಳ ಇದ್ದದ್ದೇ. ಟಿವಿಗೆ ಹಾಕಿ ಆಡುತ್ತಿದ್ದ ಹಳೆಯ ಆಟಗಳು ಇದರಲ್ಲೂ ಓಡಬೇಕಾ, ಇಲ್ಲ ಇದಕ್ಕೆಂದೇ ಮಾಡಿದ ಹೊಸ ಆಟಗಳು ಸಾಕಾ? ಓಡಬೇಕು ಅನ್ನುವ ಕಡೆಯವನು ನಾನು. ಆದರೆ ಹಳೆಯ ಆಟ ಸಣ್ಣ ಪರದೆಯಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬಟನ್ ಹೇಗಿದೆ, ಸೇವ್ ಎಲ್ಲಿ ಆಗುತ್ತದೆ, ಪರದೆ ಎಷ್ಟು ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಎಷ್ಟು ಚಿತ್ರದಂತೆ) ಓಡುತ್ತಿದೆ, ಇದನ್ನೆಲ್ಲ ಯಾರಾದರೂ ಕೂತು ನೋಡಬೇಕು. ಸೋನಿಯ ಪ್ಲೇಸ್ಟೇಷನ್ 2ರ (ಪಿಎಸ್‌2) ನನ್ನ ಡಿಸ್ಕ್‌ಗಳನ್ನು ಸ್ಟೀಮ್ ಡೆಕ್ ಅನ್ನುವ ಹ್ಯಾಂಡ್‌ಹೆಲ್ಡ್‌ಗೆ ತರುವಾಗ ಆ ಕೆಲಸ ನಾನೇ ಮಾಡಿಕೊಂಡೆ.

ಪಿಎಸ್‌2 ಜಪಾನ್‌ನಲ್ಲಿ ಬಿಡುಗಡೆಯಾದದ್ದು 2000ದ ಮಾರ್ಚ್‌ನಲ್ಲಿ. ಜಗತ್ತಿನಲ್ಲಿ 15 ಕೋಟಿಗೂ ಜಾಸ್ತಿ ಮಾರಾಟವಾದ ಯಂತ್ರ ಅದು. ನನ್ನದು ಈಗಲೂ ಓಡುತ್ತದೆ. ತೊಂದರೆ ಇರುವುದು ಟಿವಿಯಲ್ಲಿ. ಆ ಆಟಗಳ ಚಿತ್ರವನ್ನು ಡಬ್ಬಾ ಟಿವಿಗೆಂದು ಮಾಡಿದ್ದರು. ಹಳದಿ-ಬಿಳಿ-ಕೆಂಪು ವೈರ್ ಹಾಕಿ ಈಗಿನ ದೊಡ್ಡ ಎಲ್‌ಇಡಿ ಟಿವಿಗೆ ಕೊಟ್ಟರೆ ಎಲ್ಲ ಮಸುಕು ಮಸುಕು. ಎಷ್ಟೋ ಹೊಸ ಟಿವಿಗಳಲ್ಲಿ ಆ ತೂತುಗಳೇ ಇಲ್ಲ. ಅದೇ ಆಟ ಡೆಕ್‌ನ 7 ಇಂಚಿನ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ. ಅಕ್ಷರವೂ ಓದಲು ಸಲೀಸು, ಯಾಕೆಂದರೆ ಆಗಿನವರು ಕಡಿಮೆ ರೆಸಲ್ಯೂಶನ್‌ನ ಟಿವಿಗೆ ಅಂತ ಅಕ್ಷರ ದಪ್ಪ ಮಾಡುತ್ತಿದ್ದರು. ದೊಡ್ಡ ಟಿವಿ ನೋಡಿಕೊಂಡು ಮಾಡಿದ ಈಗಿನ ಆಟಗಳನ್ನು ಡೆಕ್‌ನಲ್ಲಿ ಹಾಕಿದರೆ ಕಣ್ಣು ಕಿರಿದು ಮಾಡಿಕೊಂಡು ಓದಬೇಕಾಗುತ್ತದೆ.

ಸ್ಟೀಮ್ ಡೆಕ್ ಇಲ್ಲಿ ಅಧಿಕೃತವಾಗಿ ಮಾರಾಟಕ್ಕಿರಲಿಲ್ಲ. ಅಮೆರಿಕದಲ್ಲಿರುವ ಭಾವ ಊರಿಗೆ ಬರುವಾಗ ತಂದುಕೊಟ್ಟರು. ಮೊದಲನೆಯ ಎಲ್‌ಸಿಡಿ ಮಾಡೆಲ್, 2022ರಲ್ಲಿ ಬಂದದ್ದು.

ಡಿಸ್ಕ್ ಕಾಪಿ ಮಾಡುವುದು ಕಷ್ಟವಲ್ಲ. ಪಿಎಸ್‌2 ಡಿಸ್ಕ್ ಜಾಸ್ತಿ ಮಟ್ಟಿಗೆ ಮಾಮೂಲಿ ಡಿವಿಡಿ. ಹಳೆಯ ಕಂಪ್ಯೂಟರ್‌ನ ಡಿವಿಡಿ ಡ್ರೈವ್ ಓದುತ್ತದೆ, ಇಡೀ ಡಿಸ್ಕ್‌ನ ಕಾಪಿಯನ್ನು ಒಂದೇ ಫೈಲ್ (ಐಎಸ್‌ಒ) ಆಗಿ ಮಾಡಿಕೊಳ್ಳಬಹುದು. ಕೆಲವು ಹಳೆಯ ಆಟಗಳ ಡಿಸ್ಕ್ ತಿರುಗಿಸಿದರೆ ಕೆಳಗೆ ನೀಲಿ ಬಣ್ಣ ಇರುತ್ತದೆ, ಅವು ಸಿಡಿ. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ, ಸಿಎಚ್‌ಡಿ ಫೈಲ್ ಆಗಿ ಕುಗ್ಗಿಸುವಾಗ ಕೊಡುವ ಕಮಾಂಡ್ ಬೇರೆ. ಬಯೋಸ್, ಅಂದರೆ ಪಿಎಸ್‌2 ಆನ್ ಆಗಲು ಬೇಕಾದ ಒಳಗಿನ ಸಾಫ್ಟ್‌ವೇರ್, ಮಾತ್ರ ನಿಮ್ಮದೇ ಯಂತ್ರದಿಂದ ತೆಗೆಯಬೇಕು. ಮೆಮೊರಿ ಕಾರ್ಡ್‌ನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಹಾಕಿ, ಮುಂದಿರುವ ಯುಎಸ್‌ಬಿಗೆ ಪೆನ್‌ಡ್ರೈವ್ ಚುಚ್ಚಿ ತೆಗೆದೆ. ಆ ಯುಎಸ್‌ಬಿ ಹಳೆಯ ಕಾಲದ್ದು, ನಿಧಾನ. ಆದರೆ ಬಯೋಸ್ ಇರುವುದೇ 4 ಎಂಬಿ. ಅದೇ ಸಮಯಕ್ಕೆ ಕಾರ್ಡ್‌ನಲ್ಲಿದ್ದ ಹಳೆಯ ಸೇವ್‌ಗಳನ್ನೂ ಎತ್ತಿಕೊಂಡೆ. ಡೆಕ್‌ನ ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಪಿಎಸ್‌2 ಹಾಗೆ ನಡೆದುಕೊಳ್ಳುವ ಸಾಫ್ಟ್‌ವೇರ್ (ಎಮ್ಯುಲೇಟರ್) ಪಿಸಿಎಸ್‌ಎಕ್ಸ್2 ಹಾಕಿಕೊಂಡರೆ ಆಟ ಶುರು.

ಆಮೇಲೆ ಕಣ್ಣಿಗೆ ಬಿದ್ದದ್ದು ಚಿತ್ರದ ಒಂದು ಸಣ್ಣ ಕುಲುಕಾಟ. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೆಲ್ಲ ಎಲ್ಲೋ ತಡವರಿಸಿದ ಹಾಗೆ. ಯಂತ್ರಕ್ಕೆ ಶಕ್ತಿ ಸಾಲದೆ ಹೀಗಾಗುತ್ತಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ವಿಷಯ ಅದಲ್ಲ. ನಮ್ಮ ದೇಶದಲ್ಲಿ ಟಿವಿ ಇದ್ದದ್ದು ಪಾಲ್ ಪದ್ಧತಿಯಲ್ಲಿ, ನಮಗೆ ಬರುತ್ತಿದ್ದ ಡಿಸ್ಕ್‌ಗಳೂ ಪಾಲ್. ಅಂದರೆ ಸೆಕೆಂಡಿಗೆ 50 ಚಿತ್ರ. ಡೆಕ್‌ನ ಪರದೆ 60ರಲ್ಲಿ ಓಡುತ್ತದೆ. 50 ಚಿತ್ರಗಳನ್ನು 60 ಜಾಗದಲ್ಲಿ ಕೂರಿಸಬೇಕಾದರೆ ಪ್ರತಿ ಐದನೆಯ ಚಿತ್ರವನ್ನು ಎರಡು ಸಲ ತೋರಿಸಬೇಕಾಗುತ್ತದೆ. ಕುಲುಕಾಟ ಅಲ್ಲಿಂದ.

ಅಮೆರಿಕದ ಡಿಸ್ಕ್ ಇಟ್ಟುಕೊಂಡವರು ಬರೆಯುವ ಸೆಟ್ಟಿಂಗ್‌ಗಳಲ್ಲಿ ಈ ಮಾತೇ ಬರುವುದಿಲ್ಲ, ಅವರಿಗೆ ಎಲ್ಲವೂ 60. ನಮಗೆ ದಾರಿ ಎರಡು. ಆಟ ಶುರುವಾಗುವಾಗ 50 ಬೇಕಾ 60 ಬೇಕಾ ಅಂತ ಕೇಳಿದರೆ 60 ಒತ್ತಿ. ತುಂಬ ಪಾಲ್ ಆಟಗಳು ಕೇಳುತ್ತವೆ. ಕೇಳದಿದ್ದರೆ ಡೆಕ್‌ನ ಬಲಗಡೆ ಇರುವ ಮೂರು ಚುಕ್ಕಿಯ ಬಟನ್ ಒತ್ತಿ, ಪರದೆಯನ್ನೇ 50ಕ್ಕೆ ಇಳಿಸಿ. ಎಲ್‌ಸಿಡಿ ಡೆಕ್‌ನಲ್ಲಿ 40ರಿಂದ 60ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹೊಸ ಹ್ಯಾಂಡ್‌ಹೆಲ್ಡ್‌ಗಳಲ್ಲಿ ನಾನು ಮೊದಲು ನೋಡುವುದು ಈಗ ಇದನ್ನೇ. ಪ್ರೊಸೆಸರ್ ಹೆಸರು ಆಮೇಲೆ. ಪಾಲ್‌ಗೆ ತರುವಾಗ ವೇಗ ಸರಿಮಾಡದೆ ಬಿಟ್ಟ ಕೆಲವು ಆಟಗಳಿವೆ. ಅವು ಮೂಲಕ್ಕಿಂತ ಸುಮಾರು 17 ಶೇಕಡಾ ನಿಧಾನ. ಅವಕ್ಕೆ ಈ ಉಪಾಯದಿಂದ ಏನೂ ಆಗುವುದಿಲ್ಲ.

ಇನ್ನು ಬಟನ್. ಪಿಎಸ್‌2ರ ಡ್ಯುಯಲ್‌ಶಾಕ್ 2 ವಿಚಿತ್ರ ಕಂಟ್ರೋಲರ್. ಅದರ ಎಕ್ಸ್, ಚೌಕ, ವೃತ್ತ ಎಲ್ಲಕ್ಕೂ ಬೆರಳು ಎಷ್ಟು ಬಲವಾಗಿ ಒತ್ತುತ್ತಿದೆ ಅಂತ ಗೊತ್ತಾಗುತ್ತಿತ್ತು. ಇವತ್ತಿನ ಯಾವ ಹ್ಯಾಂಡ್‌ಹೆಲ್ಡ್‌ನಲ್ಲೂ ಅದಿಲ್ಲ. ಒತ್ತಿದೆ, ಇಲ್ಲ ಒತ್ತಿಲ್ಲ, ಅಷ್ಟೇ. ಜಾಸ್ತಿ ಆಟಗಳಿಗೆ ಇದರಿಂದ ವ್ಯತ್ಯಾಸವಿಲ್ಲ. ಗೂಢಚಾರಿ ಆಟ ಮೆಟಲ್ ಗೇರ್ ಸಾಲಿಡ್ 3ರಲ್ಲಿ ಮಾತ್ರ ಜೀವ ಹೋಗುವ ವಿಷಯ. ಅದರಲ್ಲಿ ಕಾವಲುಗಾರನನ್ನು ಹಿಂದಿನಿಂದ ಹಿಡಿಯಲು ವೃತ್ತ ಮೆಲ್ಲಗೆ ಒತ್ತಬೇಕು, ಜೋರಾಗಿ ಒತ್ತಿದರೆ ನಮ್ಮ ನಾಯಕ ಅವನ ಕತ್ತು ಕೊಯ್ದುಬಿಡುತ್ತಾನೆ. ಡೆಕ್‌ನಲ್ಲಿ ಪ್ರತಿ ಒತ್ತೂ ಪೂರ್ತಿ ಬಲದ್ದು. ಹಿಡಿದು ಮಾತಾಡಿಸೋಣ ಅಂದರೆ ಮಾತಾಡುವವನೇ ಇರುವುದಿಲ್ಲ!

ಇದಕ್ಕೆ ಪಿಸಿಎಸ್‌ಎಕ್ಸ್2ರಲ್ಲಿ ಪ್ರೆಷರ್ ಮಾಡಿಫೈಯರ್ ಅಂತ ಒಂದು ಸೌಲಭ್ಯವಿದೆ. ಅದನ್ನು ಒಂದು ಬಟನ್‌ಗೆ ಕೊಟ್ಟರೆ, ಆ ಬಟನ್ ಹಿಡಿದಿರುವಷ್ಟು ಹೊತ್ತು ಮಿಕ್ಕ ಬಟನ್‌ಗಳು ಮೆಲ್ಲಗೆ ಒತ್ತಿದ ಹಾಗೆ ಲೆಕ್ಕಕ್ಕೆ ಬರುತ್ತವೆ. ಡೆಕ್‌ನ ಬೆನ್ನಿನಲ್ಲಿ ನಾಲ್ಕು ಬಟನ್ ಇದೆ. ಎಡಗಡೆಯ ಒಂದಕ್ಕೆ ಇದನ್ನು ಕೊಟ್ಟೆ. ಬೆರಳಿಗೆ ಅಭ್ಯಾಸ ಆಗಲು ಸ್ವಲ್ಪ ಹೊತ್ತು ಬೇಕು, ಆಮೇಲೆ ಯೋಚನೆಯೇ ಬರುವುದಿಲ್ಲ. ಗ್ರಾನ್ ಟುರಿಸ್ಮೊ 4ರಲ್ಲಿ ಆಕ್ಸಿಲರೇಟರ್ ಎಕ್ಸ್ ಬಟನ್, ಬ್ರೇಕ್ ಚೌಕ. ಅವೆರಡನ್ನೂ ಡೆಕ್‌ನ ಹಿಂದಿನ ಟ್ರಿಗರ್‌ಗಳಿಗೆ ತಿರುಗಿಸಿದೆ. ಟ್ರಿಗರ್‌ಗಳಿಗೆ ಒತ್ತಿನ ಪ್ರಮಾಣ ಗೊತ್ತಾಗುತ್ತದಲ್ವಾ? ಇಲ್ಲಿ ಡೆಕ್ ಮೂಲಕ್ಕಿಂತ ಮೇಲು ಅಂತಲೇ ಹೇಳುತ್ತೇನೆ. ಹೆಬ್ಬೆರಳಿನಲ್ಲಿ ಗ್ಯಾಸ್ ಅರ್ಧಕ್ಕೆ ಹಿಡಿದು ತಿರುವು ದಾಟುವುದು ಆಗಲೂ ಹಿಂಸೆಯೇ ಆಗಿತ್ತು.

ಕಂಪನಿಗಳೇ ಈ ಕೆಲಸ ಮಾಡಿದಾಗ ಹೇಗಿರುತ್ತದೆ ಅನ್ನುವುದಕ್ಕೆ ನಿಂಟೆಂಡೊ ಉದಾಹರಣೆ ಸಾಕು. ಟಿವಿಗೆ ಹಾಕುವ ಸೂಪರ್ ನಿಂಟೆಂಡೊದ ಆಟಗಳನ್ನು ಹ್ಯಾಂಡ್‌ಹೆಲ್ಡ್ ಆದ ಗೇಮ್ ಬಾಯ್ ಅಡ್ವಾನ್ಸ್‌ಗೆ ತಂದಾಗ ಪರದೆ ಸಾಲಲಿಲ್ಲ. ಅಲ್ಲಿ 256×224 ಪಿಕ್ಸೆಲ್, ಇಲ್ಲಿ 240×160. ಮೇಲೆ ಕೆಳಗೆ ಕತ್ತರಿಸಿದರು. ಪರದೆಗೆ ಬೆಳಕಿಲ್ಲದ್ದರಿಂದ ಬಣ್ಣಗಳನ್ನು ತಿಳಿ ಮಾಡಿದರು. ಎರಡು ಬಟನ್ ಕಡಿಮೆ ಬೇರೆ. ಅದೇ ಕಂಪನಿ 1998ರ ಆಕರೀನಾ ಆಫ್ ಟೈಮ್ ಆಟವನ್ನು 2011ರಲ್ಲಿ ತನ್ನ ಹ್ಯಾಂಡ್‌ಹೆಲ್ಡ್ 3ಡಿಎಸ್‌ಗೆ ತಂದದ್ದು ನೋಡಿ. ಮೂಲದಲ್ಲಿ ನೀರಿನ ಗುಡಿಯೊಳಗೆ ಕಬ್ಬಿಣದ ಬೂಟು ಹಾಕಲು, ಬಿಚ್ಚಲು ಪ್ರತಿ ಸಲವೂ ಆಟ ನಿಲ್ಲಿಸಿ ಮೆನುವಿಗೆ ಹೋಗಬೇಕಿತ್ತು. 3ಡಿಎಸ್‌ನಲ್ಲಿ ಅದನ್ನು ಒಂದೇ ಒತ್ತಿಗೆ ತಂದರು. ಆ ಗುಡಿಯನ್ನು ಬೈಯದವರೇ ಇರಲಿಲ್ಲ, ಇಷ್ಟು ಸಣ್ಣ ಬದಲಾವಣೆಗೆ ಅದು ಮರ್ಯಾದಸ್ಥ ಜಾಗವಾಯಿತು. ಹಾಗೆಯೇ ಮೆಟಲ್ ಗೇರ್‌ನ ಎಚ್‌ಡಿ ಆವೃತ್ತಿ 2012ರಲ್ಲಿ ಸೋನಿಯ ಹ್ಯಾಂಡ್‌ಹೆಲ್ಡ್ ವೀಟಾಗೆ ಬಂದಾಗ, ಪಿಎಸ್‌3ರಲ್ಲಿ ಆಡಿದ ಸೇವ್ ಅನ್ನು ವೀಟಾದಲ್ಲಿ ಮುಂದುವರಿಸಬಹುದಿತ್ತು. ಹಳೆಯ ಆಟ ಓಡುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದುಕೊಳ್ಳುವವರು ಈ ಮಟ್ಟಕ್ಕೆ ಬರಬೇಕು ಅನ್ನುವುದು ನನ್ನ ಆಸೆ.

ಸೇವ್ ವಿಷಯಕ್ಕೆ ಬಂದರೆ, ಹ್ಯಾಂಡ್‌ಹೆಲ್ಡ್‌ನ ನಿಜವಾದ ಲಾಭ ಪವರ್ ಬಟನ್. ಒಮ್ಮೆ ಒತ್ತಿದರೆ ಆಟ ಇದ್ದಲ್ಲೇ ಮಲಗುತ್ತದೆ. ರೆಸಿಡೆಂಟ್ ಈವಿಲ್ 4ರಲ್ಲಿ ಟೈಪ್‌ರೈಟರ್ ಸಿಕ್ಕ ಕಡೆ, ಇಲ್ಲ ಅಧ್ಯಾಯ ಮುಗಿದ ಕಡೆ ಸೇವ್. ಗ್ರಾನ್ ಟುರಿಸ್ಮೊ 4ರಲ್ಲಿ 24 ಗಂಟೆಯ ರೇಸ್‌ಗಳಿವೆ, ಮಧ್ಯೆ ಸೇವ್ ಇಲ್ಲ. ಆಗ ಜನ ಯಂತ್ರವನ್ನು ರಾತ್ರಿಯಿಡೀ ಆನ್ ಇಟ್ಟು ಮಲಗುತ್ತಿದ್ದರು. ಈಗ ಅದೇ ರೇಸ್ ಅನ್ನು ಮೆಟ್ರೋದಲ್ಲಿ ಮೆಜೆಸ್ಟಿಕ್‌ವರೆಗೆ ಒಂದಿಷ್ಟು, ಸಂಜೆ ವಾಪಸ್ ಬರುವಾಗ ಒಂದಿಷ್ಟು ಆಡಬಹುದು. ಎಲ್ಲಿ ಬೇಕಾದರೂ ಸೇವ್ ಮಾಡಿಕೊಡುವ ಎಮ್ಯುಲೇಟರ್‌ನ ಸೇವ್ ಸ್ಟೇಟ್ ಮಾತ್ರ ನಾನು ಬಳಸುವುದಿಲ್ಲ. ಗುಂಡು ಮುಗಿದು, ಟೈಪ್‌ರೈಟರ್ ಎಲ್ಲಿದೆಯಪ್ಪಾ ಅಂತ ಓಡುವುದೇ ರೆಸಿಡೆಂಟ್ ಈವಿಲ್‌ನ ಮಜಾ. ಅದನ್ನೂ ತೆಗೆದರೆ ಇನ್ನೇನು ಉಳಿಯಿತು? ಇದರಲ್ಲಿ ನನ್ನ ಜೊತೆ ಜಗಳಕ್ಕೆ ಬರುವವರು ತುಂಬ ಜನ, ಬರಲಿ.

ಬ್ಯಾಟರಿ 40 ವಾಟ್-ಅವರ್. ರೆಸಲ್ಯೂಶನ್ ಮೂಲದ ಎರಡರಷ್ಟಕ್ಕೆ ನಿಲ್ಲಿಸಿ, ಡೆಕ್ ಎಳೆಯುವ ವಿದ್ಯುತ್ತಿನ ವಾಟ್ ಮಿತಿ ಇಳಿಸಿಕೊಂಡರೆ ಮೂರು ಗಂಟೆಯ ಹತ್ತಿರ ಬರುತ್ತದೆ. ಇನ್ನೂ ಏರಿಸಿದರೆ 7 ಇಂಚಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಫ್ಯಾನ್ ಸದ್ದು ಮಾತ್ರ ಕೇಳುತ್ತದೆ. ಚಿತ್ರವನ್ನು ಎಳೆದು ಪರದೆ ತುಂಬಿಸಬೇಡಿ. ಹಳೆಯ ಟಿವಿಯ ಆಕಾರದಲ್ಲಿ (ಅಗಲ-ಎತ್ತರ 4:3) ಇರುವುದನ್ನು ಹಾಗೇ ಬಿಡಿ, ಅಕ್ಕಪಕ್ಕ ಕಪ್ಪು ಪಟ್ಟಿ ಇದ್ದರೆ ಇರಲಿ.

ತರದೆ ಬಿಟ್ಟ ಡಿಸ್ಕ್‌ಗಳೂ ಇವೆ. ಮೈ ಆಡಿಸಿ ಆಡುವ ಐಟಾಯ್‌ಗೆ ಟಿವಿ ಮೇಲೆ ಕ್ಯಾಮೆರಾ ಬೇಕು, ಹಾಡುವ ಆಟ ಸಿಂಗ್‌ಸ್ಟಾರ್‌ಗೆ ಎರಡು ಮೈಕು, ಕೂತು ನಗಲು ನಾಲ್ಕು ಜನ. ಕ್ರಿಕೆಟ್ 07 ಅನ್ನು ತಂದು ನೋಡಿದೆ, ಚೆನ್ನಾಗಿಯೇ ಓಡುತ್ತದೆ. ಆದರೆ ಎದುರು ಬೌಲಿಂಗ್ ಮಾಡಿ ಬೈಯುವ ತಮ್ಮನಿಲ್ಲದೆ ಒಂದು ಓವರ್‌ಗಿಂತ ಜಾಸ್ತಿ ಆಡಲು ಮನಸ್ಸಾಗಲಿಲ್ಲ. ಅದಕ್ಕೆ ಡೆಕ್ ಅನ್ನು ಡಾಕ್ ಮೂಲಕ ಟಿವಿಗೆ ಹಾಕಿ, ಎರಡು ಬ್ಲೂಟೂತ್ ಕಂಟ್ರೋಲರ್ ಜೋಡಿಸುವುದೇ ಸರಿ. ನೀವು ಶುರು ಮಾಡುವುದಾದರೆ ಒಬ್ಬರೇ ಆಡುವ, 60 ಹರ್ಟ್ಸ್ ಆಯ್ಕೆ ಇರುವ ಆಟದ ಡಿಸ್ಕ್ ಹುಡುಕಿ ಮೊದಲು ಅದನ್ನೇ ಕಾಪಿ ಮಾಡಿ. ಮೆಟಲ್ ಗೇರ್ ಆಮೇಲೆ.