ಬೆಂಗಳೂರು ದಕ್ಷಿಣ ಅಂದರೆ ಯಾವ ದಕ್ಷಿಣ? ಲೋಕಸಭಾ ಕ್ಷೇತ್ರ ಪತ್ತೆಯಿಂದ ಮತಗಟ್ಟೆಯವರೆಗೆ

‘ಬೆಂಗಳೂರು ದಕ್ಷಿಣ’ ಎಂಬ ಹೆಸರಿಗೆ ಈಗ ಐದು ಅರ್ಥಗಳಿವೆ. ಅದೊಂದು ಲೋಕಸಭಾ ಕ್ಷೇತ್ರ, ಒಂದು ವಿಧಾನಸಭಾ ಕ್ಷೇತ್ರ, ಒಂದು ತಾಲ್ಲೂಕು, 2025ರಲ್ಲಿ ಹುಟ್ಟಿದ ಐದು ನಗರ ಪಾಲಿಕೆಗಳಲ್ಲಿ ಒಂದು, ಅದೇ ವರ್ಷ ಹೆಸರು ಬದಲಾದ ರಾಮನಗರ ಜಿಲ್ಲೆಯೂ ಹೌದು. ಒಂದರ ಗಡಿ ಇನ್ನೊಂದಕ್ಕೆ ಕೂಡುವುದಿಲ್ಲ. ಇನ್ನೂ ವಿಚಿತ್ರವೆಂದರೆ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದವರು ಬೆಂಗಳೂರು ದಕ್ಷಿಣ ಲೋಕಸಭೆಗೆ ಮತ ಹಾಕುವುದೇ ಇಲ್ಲ, ಅವರದು ಬೆಂಗಳೂರು ಗ್ರಾಮಾಂತರ.

ಹಾಗಾಗಿ ಹೆಸರು ಬಿಡಿ, ಸಂಖ್ಯೆ ಹಿಡಿಯಿರಿ. ಬೇಕಾದ್ದು ಮೂರೇ: ವಿಧಾನಸಭಾ ಕ್ಷೇತ್ರದ ಸಂಖ್ಯೆ, ಭಾಗ ಸಂಖ್ಯೆ (ನಿಮ್ಮ ಮತಗಟ್ಟೆಯ ಮತದಾರರ ಪಟ್ಟಿಯ ಸಂಖ್ಯೆ), ಕ್ರಮ ಸಂಖ್ಯೆ (ಆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಸಂಖ್ಯೆ). ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಪ್ರತಿಯೊಂದಕ್ಕೂ 8 ವಿಧಾನಸಭಾ ಕ್ಷೇತ್ರಗಳಿವೆ. ವಿಧಾನಸಭೆಯ ಸಂಖ್ಯೆ ಸಿಕ್ಕಿತೆಂದರೆ ಲೋಕಸಭೆ ತಾನಾಗಿ ಗೊತ್ತಾಗುತ್ತದೆ. ಬೆಂಗಳೂರು ನಗರ ಜಿಲ್ಲೆಯ ಸಂಖ್ಯೆಗಳು 150ರ ಯಲಹಂಕದಿಂದ 177ರ ಆನೇಕಲ್‌ವರೆಗೆ.

ಲೆಕ್ಕ ಹೀಗಿದೆ. ಬೆಂಗಳೂರು ಉತ್ತರಕ್ಕೆ ಕೆ.ಆರ್. ಪುರ, ಬ್ಯಾಟರಾಯನಪುರ, ಯಶವಂತಪುರ, ದಾಸರಹಳ್ಳಿ, ಮಹಾಲಕ್ಷ್ಮಿ ಲೇಔಟ್, ಮಲ್ಲೇಶ್ವರಂ, ಹೆಬ್ಬಾಳ, ಪುಲಕೇಶಿನಗರ. ಕೇಂದ್ರಕ್ಕೆ ಸರ್ವಜ್ಞನಗರ, ಸಿ.ವಿ. ರಾಮನ್ ನಗರ, ಶಿವಾಜಿನಗರ, ಶಾಂತಿನಗರ, ಗಾಂಧಿನಗರ, ರಾಜಾಜಿನಗರ, ಚಾಮರಾಜಪೇಟೆ, ಮಹದೇವಪುರ. ದಕ್ಷಿಣಕ್ಕೆ ಗೋವಿಂದರಾಜನಗರ, ವಿಜಯನಗರ, ಚಿಕ್ಕಪೇಟೆ, ಬಸವನಗುಡಿ, ಪದ್ಮನಾಭನಗರ, ಬಿಟಿಎಂ ಲೇಔಟ್, ಜಯನಗರ, ಬೊಮ್ಮನಹಳ್ಳಿ. ಉಳಿದ ನಾಲ್ಕರಲ್ಲಿ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್ ಮೂರೂ ಬೆಂಗಳೂರು ಗ್ರಾಮಾಂತರಕ್ಕೆ ಸೇರಿ ಕನಕಪುರ, ಮಾಗಡಿ, ಕುಣಿಗಲ್ ಕಡೆಯವರ ಜೊತೆ ಮತ ಹಾಕುತ್ತವೆ. ಯಲಹಂಕ ಹೋಗಿ ಕೂತಿರುವುದು ಚಿಕ್ಕಬಳ್ಳಾಪುರ ಲೋಕಸಭೆಯಲ್ಲಿ.

ಬಡಾವಣೆಯ ಹೆಸರು ನಂಬಿ ಕೆಡುವವರೇ ಹೆಚ್ಚು. ಯಶವಂತಪುರ ರೈಲು ನಿಲ್ದಾಣದ ಆಸುಪಾಸಿನ ಬಹಳಷ್ಟು ಮನೆಗಳು ರಾಜರಾಜೇಶ್ವರಿನಗರ ವಿಧಾನಸಭೆಗೆ ಸೇರಿವೆ, ಅಂದರೆ ಬೆಂಗಳೂರು ಗ್ರಾಮಾಂತರ. ಅತ್ತ ಕೆಂಗೇರಿ, ಉಲ್ಲಾಳದವರು ಯಶವಂತಪುರ ವಿಧಾನಸಭೆಯವರು, ಅವರದು ಬೆಂಗಳೂರು ಉತ್ತರ. ಎಚ್‌ಎಸ್‌ಆರ್ ಲೇಔಟ್ ಬೊಮ್ಮನಹಳ್ಳಿಯ ಮೂಲಕ ದಕ್ಷಿಣಕ್ಕೆ, ಬೆಳ್ಳಂದೂರು ಮಹದೇವಪುರದ ಮೂಲಕ ಕೇಂದ್ರಕ್ಕೆ. ನಡುವೆ ಇರುವುದು ಒಂದು ಹೊರವರ್ತುಲ ರಸ್ತೆ ಅಷ್ಟೆ. ಈ ಗಡಿಗಳು 2001ರ ಜನಗಣತಿ ಆಧರಿಸಿ 2008ರಲ್ಲಿ ಎಳೆದವು. ಆಗ ಹೊಲವಾಗಿದ್ದ ಜಾಗದಲ್ಲಿ ಈಗ ಇಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟ್ ನಿಂತಿದೆ, ಗೆರೆ ಮಾತ್ರ ಅಲ್ಲೇ ಇದೆ. ಪಾಲಿಕೆಯ ವಾರ್ಡ್ ಸಂಖ್ಯೆಯಂತೂ ಇಲ್ಲಿ ಕೆಲಸಕ್ಕೇ ಬಾರದು.

ಹೆಸರು ಹುಡುಕುವುದು

ಚುನಾವಣಾ ಆಯೋಗದ ಮತದಾರರ ಜಾಲತಾಣದಲ್ಲೋ ಆ್ಯಪ್‌ನಲ್ಲೋ ಹುಡುಕಲು ಮೂರು ದಾರಿಗಳಿವೆ: ವೋಟರ್ ಐಡಿ ಸಂಖ್ಯೆ, ನೋಂದಾಯಿತ ಮೊಬೈಲ್, ಹೆಸರು ಮತ್ತು ವಿವರ. ಮೊದಲನೆಯದೇ ಸಲೀಸು. ಸಂಖ್ಯೆಯಲ್ಲಿ 3 ಅಕ್ಷರ, 7 ಅಂಕಿ ಇರಬೇಕು. ನಡುನಡುವೆ ಓರೆಗೆರೆ ಇರುವ ಉದ್ದನೆಯ ಸಂಖ್ಯೆಯ ಹಳೇ ಕಾರ್ಡ್ ನಿಮ್ಮದಾದರೆ ಹೆಸರಿನಿಂದ ಹುಡುಕಿ. ಹೊಸ ಸಂಖ್ಯೆ ಅಲ್ಲಿ ಕಂಡೀತು.

ಹೆಸರಿನಿಂದ ಹುಡುಕಿ ಸಿಗಲಿಲ್ಲವೆಂದರೆ ಡಿಲೀಟ್ ಆಗಿದೆ ಎಂದು ಗಾಬರಿಯಾಗಬೇಡಿ. ಬಹಳ ಸಲ ತೊಂದರೆ ಇರುವುದು ಕಾಗುಣಿತದಲ್ಲಿ. ಇಂಗ್ಲಿಷಿನಲ್ಲಿ ತುಂಬಿದ ಹೆಸರನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸುತ್ತದೆ. ನಾವು ‘ತ’ಕ್ಕೆ ಟಿ ಜೊತೆ ಎಚ್ ಸೇರಿಸುತ್ತೇವಲ್ಲ, ಅದರಿಂದ ‘ಗೀತಾ’ ಹೋಗಿ ‘ಗೀಥಾ’ ಆಗುತ್ತಾಳೆ, ‘ಲತಾ’ ‘ಲಥಾ’ ಆಗುತ್ತಾಳೆ. ಇನಿಷಿಯಲ್ ಇನ್ನೊಂದು ಕಾಟ: ಕೆ.ಎಸ್. ಎಂಬುದು ಕೆಲವೆಡೆ ಹೆಸರಿನ ಮುಂದೆ, ಕೆಲವೆಡೆ ಉಪನಾಮದ ಖಾನೆಯಲ್ಲಿ. ಇನಿಷಿಯಲ್ ಬಿಟ್ಟು, ತಂದೆ ಅಥವಾ ಗಂಡನ ಹೆಸರು ಹಾಕಿ ಮತ್ತೊಮ್ಮೆ ನೋಡಿ. ಹೊಸದಾಗಿ ಅರ್ಜಿ ತುಂಬುವವರು ಕನ್ನಡದ ಖಾನೆಯನ್ನು ಕಣ್ಣಾರೆ ಓದಿ, ತಿದ್ದಿ, ಆಮೇಲೆ ಮುಂದೆ ಹೋಗಿ.

ಆಗಲೂ ಸಿಗದಿದ್ದರೆ ನಿಮ್ಮ ಭಾಗದ ಇಡೀ ಪಟ್ಟಿಯ ಪಿಡಿಎಫ್ ಇಳಿಸಿಕೊಳ್ಳಿ. ಮೊದಲ ಪುಟದಲ್ಲೇ ವಿಧಾನಸಭೆ, ಲೋಕಸಭೆ ಎರಡರ ಹೆಸರೂ ಇರುತ್ತದೆ. ಮೂಲ ಪಟ್ಟಿ ಮುಗಿಯಿತೆಂದು ನಿಲ್ಲಿಸಬೇಡಿ, ಕೊನೆಯಲ್ಲಿರುವ ಪೂರಕ ಪಟ್ಟಿ ನೋಡಿ. ಹೊಸದಾಗಿ ಸೇರಿದವರು ಇರುವುದು ಅಲ್ಲಿ. ಹೆಸರಿನ ಚೌಕದ ಮೇಲೆ ಡಿಲೀಟೆಡ್ ಎಂಬ ಮುದ್ರೆ ಅಡ್ಡ ಬಿದ್ದಿದ್ದರೆ ಮಾತ್ರ ಅದು ತೆಗೆದುಹಾಕಿದ ಹೆಸರು.

ಯಾವ ಫಾರಂ ಯಾವುದಕ್ಕೆ

ಫಾರಂ 6 ಹೊಸಬರಿಗೆ. 6ಎ ವಿದೇಶದಲ್ಲಿರುವ ಭಾರತೀಯರಿಗೆ. 7 ಹೆಸರು ತೆಗೆಸಲು. ಮನೆ ಬದಲಾವಣೆ, ತಿದ್ದುಪಡಿ, ಕಳೆದ ಕಾರ್ಡಿಗೆ ಬದಲಿ, ಅಂಗವೈಕಲ್ಯದ ನಮೂದು, ಈ ನಾಲ್ಕಕ್ಕೂ ಫಾರಂ 8.

ಬಾಡಿಗೆ ಮನೆ ಬದಲಿಸುತ್ತಲೇ ಇರುವ ಈ ಊರಿನಲ್ಲಿ ಅತಿ ಹೆಚ್ಚು ನಡೆಯುವ ತಪ್ಪೆಂದರೆ ಮನೆ ಬದಲಾದಾಗ ಮತ್ತೆ ಫಾರಂ 6 ಹಾಕುವುದು. ಆಗ ಹಳೇ ಮನೆಯಲ್ಲೊಂದು, ಹೊಸ ಮನೆಯಲ್ಲೊಂದು ಹೆಸರು ಕೂರುತ್ತದೆ. ಫಾರಂ 8 ಹಾಕಿದರೆ ಹಳೆಯದು ಹೋಗಿ ಹೊಸದು ಬರುತ್ತದೆ, ಕಾರ್ಡಿನ ಸಂಖ್ಯೆ ಅದೇ ಉಳಿಯುತ್ತದೆ. ಊರಿನಲ್ಲೂ ಇರಲಿ, ಇಲ್ಲೂ ಇರಲಿ ಎಂಬ ಲೆಕ್ಕಾಚಾರ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 17 ಮತ್ತು 18ನೇ ಕಲಂಗೆ ವಿರುದ್ಧ. ಅರ್ಜಿಯಲ್ಲಿ ಸುಳ್ಳು ಘೋಷಣೆ ಬರೆದರೆ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇಲ್ಲಿ ಸ್ವಂತ ಮನೆ ಇದೆ, ಬಾಡಿಗೆಗೆ ಕೊಟ್ಟಿದ್ದೇವೆ ಎಂಬುದಷ್ಟೇ ಹಕ್ಕು ತಂದುಕೊಡದು. 20ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ: ನೀವು ಸಾಮಾನ್ಯವಾಗಿ ವಾಸವಿರುವ ಜಾಗವೇ ನಿಮ್ಮ ಕ್ಷೇತ್ರ. ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ಮಾತ್ರ ತಂದೆತಾಯಿಯ ಮನೆ ಅಥವಾ ಹಾಸ್ಟೆಲ್, ಎರಡರಲ್ಲೊಂದು ಆರಿಸುವ ಅವಕಾಶವಿದೆ.

ವಿಳಾಸದ ದಾಖಲೆಯಲ್ಲಿ ಬಾಡಿಗೆದಾರರು ಎಡವುತ್ತಾರೆ. ಫಾರಂ ಕೇಳುವುದು ನೋಂದಾಯಿತ ಬಾಡಿಗೆ ಕರಾರು. ನಮ್ಮಲ್ಲಿ ಚಾಲ್ತಿಯಲ್ಲಿರುವುದು ಛಾಪಾ ಕಾಗದದ 11 ತಿಂಗಳ ಅಗ್ರಿಮೆಂಟು, ಅದು ನೋಂದಣಿಯಾಗಿರುವುದಿಲ್ಲ. ಬದಲಿಗೆ ಹೊಸ ವಿಳಾಸದ ಆಧಾರ್, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಪಾಸ್‌ಪೋರ್ಟ್ ಕೊಡಿ. ಕರೆಂಟು, ನೀರು, ಗ್ಯಾಸ್ ಸಂಪರ್ಕದ ಬಿಲ್ಲೂ ನಡೆಯುತ್ತದೆ, ಆದರೆ ಕನಿಷ್ಠ ಒಂದು ವರ್ಷದ್ದಿರಬೇಕು. ಯಾವುದೂ ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುವುದಿಲ್ಲ, ಮತಗಟ್ಟೆ ಮಟ್ಟದ ಅಧಿಕಾರಿ ಅಂದರೆ ಬಿಎಲ್‌ಒ ಮನೆಗೆ ಬಂದು ಪರಿಶೀಲಿಸಬೇಕಾಗುತ್ತದೆ. ಫೋಟೋ 4.5 x 3.5 ಸೆಂ.ಮೀ., ಹಿನ್ನೆಲೆ ಬಿಳಿ. ಆನ್‌ಲೈನ್ ಅರ್ಜಿಗೆ 2025ರಿಂದ ಇ-ಸಹಿ ಕೇಳುತ್ತಾರೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಪಕ್ಕದಲ್ಲಿರಲಿ.

ಅರ್ಜಿ ಹಾಕಿದ ಮೇಲೆ ಸಿಗುವ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಂಡು ವಾರಕ್ಕೊಮ್ಮೆ ಸ್ಥಿತಿ ನೋಡಿ. ಹೆಚ್ಚಿನ ಅರ್ಜಿಗಳು ಸಾಯುವುದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ಬಿಎಲ್‌ಒ ಅಂದರೆ ಸಾಮಾನ್ಯವಾಗಿ ಶಾಲೆಯ ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ, ತಮ್ಮ ಕೆಲಸ ಮುಗಿಸಿ ಬಂದಿರುತ್ತಾರೆ. ಸೆಕ್ಯೂರಿಟಿ ಒಳಗೆ ಬಿಡದಿದ್ದರೆ ಅಥವಾ ಬಾಗಿಲಿಗೆ ಬೀಗ ಇದ್ದರೆ ‘ವಾಸವಿಲ್ಲ’ ಎಂದು ಬರೆದು ಹೋಗುತ್ತಾರೆ. ಗೇಟಿನಲ್ಲಿ ನಿಮ್ಮ ಹೆಸರು, ಫ್ಲ್ಯಾಟ್ ಸಂಖ್ಯೆ ಹೇಳಿಡಿ. ಬಿಎಲ್‌ಒ ಮೊಬೈಲ್ ಸಂಖ್ಯೆ ಜಾಲತಾಣದಲ್ಲೇ ಸಿಗುತ್ತದೆ, ಇಲ್ಲದಿದ್ದರೆ 1950ಕ್ಕೆ ಕರೆ ಮಾಡಿ. ಅವರೇ ಬರಲಿ ಎಂದು ಕಾಯುವುದಕ್ಕಿಂತ ನೀವೇ ಒಂದು ಫೋನ್ ಮಾಡುವುದು ಮೇಲು. ಅರ್ಜಿ ತಿರಸ್ಕಾರವಾದರೆ 15 ದಿನದೊಳಗೆ ಜಿಲ್ಲಾ ದಂಡಾಧಿಕಾರಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹಾಕಬಹುದು.

18 ತುಂಬುವುದಕ್ಕೆ ಈಗ ವರ್ಷದಲ್ಲಿ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು. 17 ದಾಟಿದವರು ಮುಂಚಿತವಾಗಿಯೇ ಅರ್ಜಿ ಹಾಕಿಡಬಹುದು. ಚುನಾವಣೆ ಘೋಷಣೆಯಾದ ಮೇಲೆ ನೋಡೋಣ ಎನ್ನಬೇಡಿ. ನಾಮಪತ್ರ ಸಲ್ಲಿಕೆಯ ಕೊನೇ ದಿನ ಮುಗಿದರೆ ಪಟ್ಟಿಗೆ ಬೀಗ. ಅರ್ಜಿಯ ಮೇಲಿನ ಆಕ್ಷೇಪಣೆಗೆ ಬಿಡಬೇಕಾದ 7 ದಿನವನ್ನು ಅದರಿಂದ ಕಳೆದರೆ ಕೈಯಲ್ಲಿ ಉಳಿಯುವುದು ಇನ್ನೂ ಕಡಿಮೆ.

ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಇಟ್ಟು ಫಾರಂ 7 ಹಾಕಿ. 2024ರ ಏಪ್ರಿಲ್ 26ರಂದು ನಗರದ ಮೂರು ಕ್ಷೇತ್ರಗಳಲ್ಲಿ ಮತದಾನ ಶೇ 53–54ರ ಆಸುಪಾಸಿನಲ್ಲೇ ನಿಂತಾಗ ಎಲ್ಲರೂ ಬೆಂಗಳೂರಿಗರ ಸೋಮಾರಿತನವನ್ನು ಬೈದರು. ಸೋಮಾರಿತನ ಇಲ್ಲವೆಂದಲ್ಲ, ಅದು ಶುಕ್ರವಾರ ಬೇರೆ. ಆದರೆ ಸತ್ತವರು, ಊರು ಬಿಟ್ಟವರು, ಎರಡು ಕಡೆ ಇರುವವರು ಪಟ್ಟಿಯಲ್ಲೇ ಉಳಿದರೆ ಶೇಕಡಾವಾರು ಏರುವುದಾದರೂ ಹೇಗೆ?

ಮತದಾನದ ದಿನ

ಬಿಎಲ್‌ಒ ತಂದುಕೊಡುವ ಚೀಟಿ ಗುರುತಿನ ದಾಖಲೆಯಲ್ಲ. ವೋಟರ್ ಐಡಿ ಇಲ್ಲದಿದ್ದರೆ ಆಧಾರ್, ಪಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಫೋಟೋ ಇರುವ ಪಾಸ್‌ಬುಕ್‌ನಂಥ ದಾಖಲೆ ಸಾಕು. ಆದರೆ ಹತ್ತು ಕಾರ್ಡ್ ತಂದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಒಂದೇ ಶಾಲೆಯಲ್ಲಿ ನಾಲ್ಕೈದು ಮತಗಟ್ಟೆ ಇರುವುದುಂಟು. ಸಾಲಿನಲ್ಲಿ ನಿಲ್ಲುವ ಮುಂಚೆ ಬಾಗಿಲ ಮೇಲಿನ ಭಾಗ ಸಂಖ್ಯೆ ಓದಿ.

ಒಳಗೆ ಮೊದಲ ಅಧಿಕಾರಿ ಕ್ರಮ ಸಂಖ್ಯೆ, ಹೆಸರು ಗಟ್ಟಿಯಾಗಿ ಓದುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ನಮ್ಮ ಮೈಸೂರಿನ ಶಾಯಿ ಹಚ್ಚಿ, 17ಎ ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಚೀಟಿ ಕೊಡುತ್ತಾರೆ. ಮೂರನೆಯವರು ಅದನ್ನು ತೆಗೆದುಕೊಂಡು ಯಂತ್ರ ಬಿಡುಗಡೆ ಮಾಡುತ್ತಾರೆ. ಅಭ್ಯರ್ಥಿಗಳು 15 ದಾಟಿದರೆ ನೋಟಾ ಸೇರಿ 16 ಗುಂಡಿಯ ಒಂದು ಯಂತ್ರ ಸಾಲದು, ಪಕ್ಕದಲ್ಲಿ ಎರಡನೆಯದಿರುತ್ತದೆ. ನಿಮಗೆ ಬೇಕಾದ ಹೆಸರು ಮೊದಲನೆಯದರಲ್ಲಿ ಕಾಣದಿದ್ದರೆ ಅಲ್ಲಿ ಹುಡುಕಿ. ನೀಲಿ ಗುಂಡಿ ಒತ್ತಿದಾಗ ಕೆಂಪು ದೀಪ ಹೊತ್ತಿ, ವಿವಿಪ್ಯಾಟ್ (ಮತದ ಚೀಟಿ ಮುದ್ರಿಸುವ ಯಂತ್ರ) ಗಾಜಿನಲ್ಲಿ ಚೀಟಿ 7 ಸೆಕೆಂಡು ಕಾಣುತ್ತದೆ. ಬೀಪ್ ಕೇಳಿಸದೆ ಹೊರಗೆ ಬರಬೇಡಿ.

ನಿಮ್ಮ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿದ್ದರೆ ಜಗಳ ಬೇಡ. ಗುರುತು ಸಾಬೀತು ಮಾಡಿ ಟೆಂಡರ್ ಮತ ಕೇಳಿ. ಕಾಗದದ ಮತಪತ್ರ ಕೊಡುತ್ತಾರೆ, ಅದು ಲಕೋಟೆಯಲ್ಲಿ ಪ್ರತ್ಯೇಕವಾಗಿರುತ್ತದೆ. ಸಾಮಾನ್ಯ ಎಣಿಕೆಗೆ ಅದು ಬರುವುದಿಲ್ಲ ನಿಜ, ಆದರೆ ಫಲಿತಾಂಶ ಕೋರ್ಟಿಗೆ ಹೋದರೆ ತೂಕ ಬರುತ್ತದೆ. 2023ರಲ್ಲಿ ಜಯನಗರ ವಿಧಾನಸಭಾ ಕ್ಷೇತ್ರ ತೀರ್ಮಾನವಾದದ್ದು 16 ಮತಗಳಲ್ಲಿ.

85 ದಾಟಿದ ಹಿರಿಯರು, ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಬಹುದು. ಅಧಿಸೂಚನೆ ಬಂದ 5 ದಿನದೊಳಗೆ 12ಡಿ ಫಾರಂ ತಲುಪಬೇಕು. ಒಮ್ಮೆ ಅದಕ್ಕೆ ಒಪ್ಪಿದರೆ ಮತಗಟ್ಟೆಗೆ ಹೋಗಿ ಹಾಕುವಂತಿಲ್ಲ. ದುಡಿಯುವವರಿಗೆ ಆ ದಿನ ಸಂಬಳ ಸಹಿತ ರಜೆ 1951ರ ಕಾಯ್ದೆಯ 135ಬಿ ಕಲಂನಲ್ಲೇ ಇದೆ, ದಿನಗೂಲಿಯವರಿಗೂ ಸೇರಿ. ಸಂಜೆ ಮುಕ್ತಾಯದ ಹೊತ್ತಿಗೆ ನೀವು ಸಾಲಿನಲ್ಲಿದ್ದರೆ ಸಾಕು, ಸಾಲಿನ ಬಾಲದಿಂದ ಶುರುಮಾಡಿ ಚೀಟಿ ಹಂಚುತ್ತಾ ಬರುತ್ತಾರೆ. ಚೀಟಿ ಕೈಗೆ ಬಂದ ಮೇಲೆ ಎಷ್ಟು ಹೊತ್ತಾದರೂ ನಿಮಗೆ ಮತ ಹಾಕಲು ಬಿಡಲೇಬೇಕು.